ನಿಲ್ಲುವ ಅಕ್ಷರ

ನಮ್ಮ ನಾರಾಯಣಖೇಡದ ದೇಶಮುಖರು ತೀರಿಕೊಂಡ ಮೇಲೆ ಒಮ್ಮೆ ಬಜಾರದ ನಡುವೆ ಹಾದು ಹೋದರು. ಊರೆಲ್ಲ ಅವರಿಗೆ ಕೈ ಮುಗಿಯಿತು. ನಾನೂ ಮುಗಿದೆ.

ಕೇಳಿದವರು ಇದನ್ನು ಕಟ್ಟುಕತೆ ಎನ್ನುತ್ತಾರೆ. ಆದ್ದರಿಂದ ಕ್ರಮವಾಗಿ ಹೇಳುತ್ತೇನೆ. ಆಗ ನಾನು ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಕಲಿಯುತ್ತಿದ್ದೆ. ರಜೆಗೆ ಊರಿಗೆ ಬಂದವಳು ಬೆಳಿಗ್ಗೆ ಅವ್ವ ಹೇಳಿದ ಸಾಮಾನು ತರಲು ಬಜಾರಕ್ಕೆ ಹೋಗಿದ್ದೆ. ವಾಡೆಯ ಕಡೆಯಿಂದ ದೇಶಮುಖರ ಕಾರು ಬಂತು. ಹೈದರಾಬಾದಿನ ಯಾರೋ ನವಾಬರ ದೇವಡಿಯಿಂದ ತಂದ ಅಮೆರಿಕದ ಗಾಡಿ ಅದು. ಕಡುಹಸಿರು ಬಣ್ಣ, ಮುಂದೆ ಹಲ್ಲು ಕಿರಿದಂಥ ಬೆಳ್ಳಿ ಜಾಳಿಗೆ. ಎತ್ತಿನ ಬಂಡಿಯಷ್ಟೇ ನಿಧಾನವಾಗಿ ಬರುತ್ತಿತ್ತು. ಬಂಡಿಗಳು ಓಡಾಡಿ ಬಿದ್ದ ಜಾಡಿನೊಳಗೆ ಅದರ ಚಕ್ರಗಳು ಇಳಿದಿದ್ದವು. ದೇಶಮುಖರು ಸ್ಟೇರಿಂಗಿನ ಹಿಂದೆ ನೆಟ್ಟಗೆ ಕೂತಿದ್ದರು. ಜನ ಬದಿಗೆ ಸರಿದು ಕೈ ಎತ್ತಿದರು. ಗಾಡಿ ಒಂದು ತಗ್ಗಿಗೆ ಇಳಿದಾಗ ಅವರ ತಲೆ ಸ್ವಲ್ಪ ಬಾಗಿತು. ನಮಸ್ಕಾರ ಸ್ವೀಕರಿಸಿದರು ಎಂದು ಎಲ್ಲರೂ ತಿಳಿದೆವು.

ಗಾಡಿ ಹಾಗೆಯೇ ಹೋಗಿ ಕಾಳಿನ ಪೇಟೆಯಾದ ಗಂಜಿನ ಮುಂದೆ ಒಟ್ಟಿದ್ದ ತೊಗರಿ ಚೀಲಗಳಿಗೆ ಮೂತಿ ಹಚ್ಚಿ ನಿಂತಿತು. ಎಂಜಿನ್ ನಡೆಯುತ್ತಲೇ ಇತ್ತು. ಹಮಾಲಿಯೊಬ್ಬ ಕಿಟಕಿಯ ಹತ್ತಿರ ಹೋಗಿ, "ಧಣ್ಯಾರ, ಸ್ವಲ್ಪ ಹಿಂದ ತಗೋರಿ, ಚೀಲ ಹರೀತಾವ" ಎಂದ. ಎರಡನೇ ಸಲ ಗಟ್ಟಿಯಾಗಿ ಅಂದ. ಮೂರನೇ ಸಲ ಅನ್ನಲಿಲ್ಲ. ಹಿಂದಕ್ಕೆ ಹೆಜ್ಜೆ ಇಟ್ಟು ಚೀಲಗಳ ಮೇಲೆ ಕೂತುಬಿಟ್ಟ.

ವಾಡೆಯ ಬಾಗಿಲು ದಾಟುವಾಗಲೇ ಜೀವ ಹೋಗಿತ್ತು ಎಂದು ಡಾಕ್ಟರು ಹೇಳಿದರಂತೆ. ಹಾಗಾದರೆ ನಾವು ಕೈ ಮುಗಿದದ್ದು ಯಾರಿಗೆ? ಈ ಪ್ರಶ್ನೆ ಊರಿನಲ್ಲಿ ಬಹಳ ದಿನ ಓಡಾಡಿತು. ಗಾಡಿಯನ್ನು ನೂಕಿಕೊಂಡು ಹೋಗಿ ವಾಡೆಯ ಕೊಟ್ಟಿಗೆಯಲ್ಲಿ ಇಟ್ಟು ಬಾಗಿಲು ಹಾಕಿದರು.

ಕೆಲವು ವರ್ಷ ಕಳೆದವು. ನನಗೆ ಜಹೀರಾಬಾದಿನ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ನನ್ನ ಅಣ್ಣ ಲಾರಿ ಓಡಿಸುತ್ತಿದ್ದ. ಸೋಲಾಪುರ, ಹೈದರಾಬಾದು, ಮತ್ತೆ ಸೋಲಾಪುರ. ಅವನಿಗೆ ಬೇರೆ ಊರುಗಳೂ ಬೇಡವಾಗಿದ್ದವು, ಬೇರೆ ಕೆಲಸವೂ ಬೇಡವಾಗಿತ್ತು. ಒಂದು ದಿನ ಹೆದ್ದಾರಿಯ ಪಕ್ಕ ಟೈರು ಬದಲಿಸುವಾಗ ಜ್ಯಾಕು ಸರಿದು ಲಾರಿ ಅವನ ಎಡಗಾಲಿನ ಮೇಲೆ ಇಳಿಯಿತು. ಮೊಣಕಾಲಿನ ಮೇಲೆ ಕತ್ತರಿಸಬೇಕಾಯಿತು.

ಗಾಯ ಒಣಗಿತು. ಹೊಲಿಗೆ ಚೆನ್ನಾಗಿ ಕೂಡಿತು. ವಾರದ ರಜೆಗೆ ನಾನು ಊರಿಗೆ ಹೋದಾಗ ಮೊಂಡುಗಾಲಿಗೆ ಪಟ್ಟಿ ಬಿಗಿಯಾಗಿ, ಸುಕ್ಕಿಲ್ಲದಂತೆ ಸುತ್ತುತ್ತಿದ್ದೆ. ನಾನಿಲ್ಲದ ದಿನ ಅವ್ವ ಸುತ್ತಬೇಕಾದ ರೀತಿಯನ್ನು ಅವಳಿಂದ ಮಾಡಿಸಿ ನೋಡುತ್ತಿದ್ದೆ. ನನ್ನ ಮೇಟ್ರನ್ ನನಗೆ ಕಲಿಸಿದ್ದೇ ಅದು: ಮಾಡಿ ತೋರಿಸದೆ ಕಲಿತೆ ಅನ್ನಬೇಡ. ಆದರೆ ಪಟ್ಟಿ ಸುತ್ತಿ ಮುಗಿಯುವ ನೋವಲ್ಲ ಅವನದು. ಇಲ್ಲದ ಕಾಲು ಅವನಿಗೆ ಇತ್ತು.

"ಕ್ಲಚ್ ಒತ್ತಲಿಕತ್ತದ ನೋಡು," ಅನ್ನುತ್ತಿದ್ದ, ಖಾಲಿ ಹಾಸಿಗೆಯ ಕಡೆ ಬೆರಳು ಮಾಡಿ. "ಹೊರಗ ರಸ್ತಾದಾಗ ಲಾರಿ ಗೇರ್ ಬದಲಿ ಮಾಡಿದ ಸಪ್ಪಳ ಕೇಳ್ತಲ್ಲ, ಇದು ಇಲ್ಲಿ ಒತ್ತತದ. ಹಿಮ್ಮಡಿ ನೋಯ್ತದ."

ಕಾಲು ಕಳೆದುಕೊಂಡವರಲ್ಲಿ ಇದು ಸಾಮಾನ್ಯ ಎಂದು ನಮಗೆ ಪಾಠದಲ್ಲಿ ಹೇಳಿದ್ದರು. ಅದನ್ನೇ ಅವನಿಗೂ ಹೇಳಿದೆ. ಅವನು ನಕ್ಕ. "ಪಾಠದಾಗ ಇದ್ದದ್ದು ನನ್ನ ಹಿಮ್ಮಡಿಗಿ ಗೊತ್ತಿಲ್ಲ, ತಂಗಿ." ಕ್ಲಚ್ ಒತ್ತಲು ಎಡಗಾಲು ಬೇಕು. ಎಡಗಾಲಿಲ್ಲದವನು ಡ್ರೈವರಲ್ಲ. ಅಣ್ಣ ರಸ್ತೆಗೆ ಬೆನ್ನು ಮಾಡಿ ಕೂರಲು ಶುರುಮಾಡಿದ.

ಆಗ ದೇಶಮುಖರ ಹೆಂಡತಿ ಹೇಳಿಕಳಿಸಿದರು. ಅವರನ್ನು ನಾವು ಬಾಯಾರು ಎನ್ನುತ್ತಿದ್ದೆವು. ಅಣ್ಣನ ಜೊತೆ ನಾನೂ ಹೋದೆ.

ಬಾಯಾರು ಸುತ್ತುಬಳಸಲಿಲ್ಲ. "ಕೊಟ್ಟಗ್ಯಾಗಿನ ಗಾಡಿಗಿ ಎಡಗಾಲಿಂದು ಕೆಲಸ ಇಲ್ಲಪ್ಪ. ನಮ್ಮ ಮನ್ಯಾರು ಎಡಗಾಲು ಮಡಚಿ ಸೀಟಿನ ಮ್ಯಾಲ ಇಟ್ಟುಕೊಂಡೇ ಹೊಡೀತಿದ್ರು. ನೀ ತಗೊಂಡ್ಹೋಗು. ನನಗ ಅದು ಅಲ್ಲಿ ಇರೋದು ಬ್ಯಾಡಾಗ್ಯದ."

"ನಾ ಹ್ಯಾಂಗ ತಗೊಳ್ಳಿರಿ ಬಾಯಾರ, ಅದು…"

"ಹೆದರಿಕಿ ಬರ್ತದೇನು?"

ಬಾಯಾರು ಕೊಟ್ಟಿಗೆಯ ಕಡೆ ನೋಡದೆ ಹೇಳಿದರು: "ನನಗ ಬರ್ತದ. ಅದಕ್ಕ ಕೊಡ್ತೀನಿ. ಊರಿಗಿ ಉಪಯೋಗ ಆಗೋ ಹಂಗ ಹೊಡಿ. ಬಸರಿ ಬಾಣಂತೇರನ್ನ ದವಾಖಾನಿಗಿ ಒಯ್ಯಿ."

ಬಾಗಿಲು ತೆರೆದಾಗ ಧೂಳಿನ ಕೆಳಗೆ ಹಸಿರು ಹಾಗೆಯೇ ಇತ್ತು. ಒಳಗೆ ತಂಬಾಕಿನ ಮತ್ತು ಹಳೆಯ ಅತ್ತರಿನ ವಾಸನೆ. ಡ್ರೈವರ್ ಸೀಟಿನ ಚರ್ಮದಲ್ಲಿ ಒಬ್ಬ ದಪ್ಪ ಮನುಷ್ಯ ಕೂತ ಗುಂಡಿ ಇತ್ತು. ಅಣ್ಣ ಒಳಗೆ ಕೂತಾಗ ಆ ಗುಂಡಿ ಅವನ ಎರಡೂ ಬದಿಗೆ ಉಳಿಯಿತು. ಹಿಂದೆ ನೋಡುವ ಕನ್ನಡಿ ಎತ್ತರದವರಿಗೆ ತಿರುಗಿಸಿಟ್ಟದ್ದು. ಅದರಲ್ಲಿ ಅಣ್ಣನಿಗೆ ಗಾಡಿಯ ಒಳಚಾವಣಿ ಮಾತ್ರ ಕಾಣುತ್ತಿತ್ತು. ಅದನ್ನು ತಿರುಗಿಸಲು ಕೈ ಎತ್ತಿದವನು ತಿರುಗಿಸದೆ ಇಳಿಸಿದ. "ಇರ್ಲಿ ಬಿಡು," ಅಂದ.

ಲಾರಿಯೊಂದರ ಹಿಂದೆ ಹಗ್ಗ ಕಟ್ಟಿ ಗಾಡಿಯನ್ನು ಜಹೀರಾಬಾದಿಗೆ ತಂದರು. ಹೆದ್ದಾರಿಯ ಮೇಲೆ ಅಣ್ಣನಿಗೆ ಗುರುತಿನ ಒಬ್ಬ ಮಿಸ್ತ್ರಿ ಇದ್ದರು. ವಯಸ್ಸಾದವರು, ನಾವೆಲ್ಲ ಚಾಚಾ ಅನ್ನುತ್ತಿದ್ದೆವು. ಎಳೆಯ ವಯಸ್ಸಿನಲ್ಲಿ ಹೈದರಾಬಾದಿನ ಗ್ಯಾರೇಜುಗಳಲ್ಲಿ ಇಂಥ ಗಾಡಿಗಳ ಕೆಲಸ ಮಾಡಿದ್ದರು. ಅವರು ಮೊದಲು ಎಂಜಿನ್ನಿಗೆ ಜೀವ ತಂದರು. ಎಂಜಿನ್ ಕೂಗಿತು, ಗಾಡಿ ಅಲ್ಲಾಡಲಿಲ್ಲ. ಬಹಳ ಹೊತ್ತು ಕೂಗಿದ ಮೇಲೆ ಒಂದು ಮಾರು ಸರಿದು ಮತ್ತೆ ನಿಂತಿತು.

"ಇದರ ಗೇರ್ ಡಬ್ಬಿನೇ ತಾನ ಗೇರ್ ಬದಲಿ ಮಾಡ್ಕೋತದ," ಚಾಚಾ ನನಗೆ ತಿಳಿಸಿ ಹೇಳಿದರು. "ಕ್ಲಚ್ ಬದಲಿ ಎಣ್ಣಿ. ಎರಡು ಪಂಖಾ ಎದುರಾಬದುರಾ ಇಟ್ಟಂಗ. ಎಂಜಿನ್ ಒಂದನ್ನ ತಿರಗಸ್ತದ, ಅದು ಎಣ್ಣಿ ಬೀಸ್ತದ, ಎಣ್ಣಿ ಇನ್ನೊಂದನ್ನ ತಿರಗಸ್ತದ. ಎಂಜಿನ್‌ಗೆ ಜೀವ ಇರೋ ತನಕ ಎಣ್ಣಿ ಸುಮ್ನ ಕೂಡಂಗಿಲ್ಲ ಬೇಟಿ. ಬ್ರೇಕ್ ಮ್ಯಾಲಿಂದ ಕಾಲ ತೆಗೆದ್ರ ಸಾಕು, ತೆವಳ್ತಾ ಹೊಂಡ್ತದ."

ಬಜಾರದ ಆ ಬೆಳಗಿನ ಕಾರಣ ನನಗೆ ಅವತ್ತು ಗೊತ್ತಾಯಿತು. ದೇಶಮುಖರ ಕಾಲು ಬ್ರೇಕಿನಿಂದ ಜಾರಿತ್ತು, ಅಷ್ಟೇ. ಕಾರಣ ತಿಳಿದರೆ ಭಯ ಹೋಗುತ್ತದೆ ಎಂದು ನಾನು ರೋಗಿಗಳಿಗೆ ಹೇಳುತ್ತಿದ್ದವಳು. ಆದರೆ ನನಗೆ ಅವರ ತಲೆ ಬಾಗಿದ್ದು ಮೊದಲಿಗಿಂತ ಸ್ಪಷ್ಟವಾಗಿ ಕಾಣತೊಡಗಿತು.

ಚಾಚಾ ಗೇರ್ ಡಬ್ಬಿಯಿಂದ ಎಣ್ಣೆ ಇಳಿಸಿದರು. ಅದು ಕೆಂಪಗೆ ಬರಬೇಕಂತೆ. ಕಪ್ಪಗೆ, ಸುಟ್ಟ ಬೆಲ್ಲದ ವಾಸನೆಯೊಂದಿಗೆ ಬಂತು. "ಒಳಗಿನ ಪಟ್ಟಿ ಸುಟ್ಟಾವ. ಇದು ಮಯ್ಯತ್, ಹೆಣ," ಎಂದರು. ಆಮೇಲೆ ಸ್ಟೇರಿಂಗ್ ಕೊಳವೆಯ ಮೇಲಿದ್ದ ಅಕ್ಷರಗಳ ಪಟ್ಟಿಯನ್ನು ನನ್ನಿಂದ ಓದಿಸಿದರು. ಅಲ್ಲಿದ್ದ ಮೂವರಲ್ಲಿ ಇಂಗ್ಲಿಷ್ ಓದುವವಳು ನಾನೊಬ್ಬಳೇ.

"ಎನ್, ಡಿ, ಎಲ್, ಆರ್."

"ಪಿ ಇಲ್ಲಾ? ಸರಿ ನೋಡು."

"ಇಲ್ಲ ಚಾಚಾ. ನಾಕೇ ಅಕ್ಷರ."

"ಹಂಗಾರ ಹಳೇ ಪೀಳಿಗಿದು. ಇದಕ್ಕ ನಿಂದ್ರೋ ಅಕ್ಷರನೇ ಇಲ್ಲ." ಅವರು ಅಣ್ಣನ ಕಡೆ ತಿರುಗಿದರು. "ಎರಡು ಕಾಲಿದ್ದೋನಿಗಿ ಇದು ನಡೀತದ. ನೀ ಊರುಗೋಲು ತಗೊಂಡು ಇಳಿಯೋಷ್ಟರಾಗ ಗಾಡಿ ಬೀದರ ಮುಟ್ಟಿರ್ತದ. ನಿನಗ ಪಿ ಇರೋ ಡಬ್ಬಿ ಬೇಕು. ಆ ಅಕ್ಷರಕ್ಕ ಹಚ್ಚಿದ್ರ ಒಳಗ ಒಂದು ಕಬ್ಬಿಣದ ಹಲ್ಲು ಬಿದ್ದು ಗಾಲಿ ಹಿಡೀತದ. ಎಂಜಿನ್ ನಡೀತಿದ್ರೂ ಗಾಡಿ ನಿಂದರ್ತದ."

"ಎಂಜಿನ್ ನಡೀತಿದ್ರೂ?"

"ನಡೀತಿದ್ರೂ."

ಅಣ್ಣ ಆ ಮಾತನ್ನು ಮತ್ತೊಮ್ಮೆ ಹೇಳಿಸಿಕೊಂಡ. ಅವನಿಗೆ ಅದು ಬೇಕಾಗಿತ್ತು. ನಿಲ್ಲುವ ಗಾಡಿ ಸಿಕ್ಕಿದರೆ ಅವನು ಮತ್ತೆ ಡ್ರೈವರ್.

ಅಂಥ ಡಬ್ಬಿ ಎಲ್ಲಿ ಸಿಕ್ಕೀತು? ಹೆದ್ದಾರಿಯ ಮೇಲೆ ಸುದ್ದಿ ಬೇಗ ಹೋಗುತ್ತದೆ. ತಾಂಡೂರಿನಿಂದ ಕಲ್ಲುಚಪ್ಪಡಿ ತರುವ ಲಾರಿಯವನೊಬ್ಬ, ಅಲ್ಲಿಯ ಖಣಿಯ ಹಿಂದೆ ಇದೇ ಜಾತಿಯ, ಸ್ವಲ್ಪ ಈಚಿನ ಗಾಡಿಯೊಂದು ಬಿದ್ದಿದೆ ಎಂದ. ಚಾಚಾನಿಗೆ ಬರಲು ಬಿಡುವಿರಲಿಲ್ಲ. ಅಣ್ಣ ಗಾಡಿಯ ಕೆಳಗೆ ಮಲಗುವ ಸ್ಥಿತಿಯಲ್ಲಿರಲಿಲ್ಲ. ನಾನು ಒಂದು ದಿನ ರಜೆ ಹಾಕಿ ಅವನ ಜೊತೆ ಹೊರಟೆ. ಚಾಚಾ ನನಗೆ ಎರಡು ಗುರುತು ಹೇಳಿದ್ದರು: ಅಕ್ಷರಗಳಲ್ಲಿ ಪಿ ಇರಬೇಕು; ಡಬ್ಬಿಯ ತಳದ ತಟ್ಟೆ ಪೂರ್ತಿ ಚೌಕವಾಗಿದ್ದರೆ ಬೇಡ, ಒಂದು ಮೂಲೆ ಕತ್ತರಿಸಿದಂತಿದ್ದರೆ ಬೇಕು.

ತಾಂಡೂರಿನಲ್ಲಿ ಎಲ್ಲದರ ಮೇಲೆ ಕಲ್ಲಿನ ಬೂದುಹುಡಿ. ಖಣಿಯ ಹಿಂದೆ ಒಡೆದ ಚಪ್ಪಡಿಗಳ ನಡುವೆ ಆ ಗಾಡಿ ನಿಂತಿತ್ತು. ಚಕ್ರಗಳಿರಲಿಲ್ಲ, ಚಪ್ಪಡಿ ಒಟ್ಟಿ ಅದರ ಮೇಲೆ ಕೂರಿಸಿದ್ದರು. ಒಳಗಿನಿಂದ ಜಾಲಿಗಿಡ ಬೆಳೆದು ಕಿಟಕಿಯಿಂದ ಕೊಂಬೆ ಚಾಚಿತ್ತು. ಯಾರೋ ಕೈ ಹೊರಗಿಟ್ಟು ಕೂತ ಹಾಗೆ ಕಂಡಿತು. ಕಾವಲುಗಾರ ದೂರದಿಂದಲೇ, "ಹಾವಿನ ಪೊರಿ ಅದರೀ ಒಳಗ, ಹಾವು ಹೋಗ್ಯದ," ಎಂದು ಧೈರ್ಯ ಹೇಳಿದ.

"ಯಾವಾಗ ಹೋಗ್ಯದಪ್ಪ?" ಅಣ್ಣ ಕೇಳಿದ.

"ಅದು ನನಗ ಹೇಳಿ ಹೋಗಿಲ್ರಿ."

ಅಕ್ಷರಗಳ ಮೇಲಿನ ಹುಡಿ ಒರೆಸಿದೆ. ಪಿ, ಆರ್, ಎನ್, ಡಿ, ಎಲ್. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಣಿಚೀಲ ಹಾಸಿ, ಅಂಗಾತ ಮಲಗಿ ಒಳಗೆ ಸರಿದೆ. ಬೆಳಕಿರಲಿಲ್ಲ. ಬಸುರಿಯ ಹೊಟ್ಟೆ ಮುಟ್ಟಿ ಕೂಸಿನ ತಲೆ ಎಲ್ಲಿದೆ ಎಂದು ಹುಡುಕುವ ಹಾಗೆ ಬೆರಳಿನಿಂದ ತಟ್ಟೆಯ ಅಂಚು ಹಿಡಿದು ಸುತ್ತ ಬಂದೆ. ನೇರ, ನೇರ, ನೇರ, ಆಮೇಲೆ ಓರೆ. ಮೂಲೆ ಕತ್ತರಿಸಿತ್ತು. ಒಂದು ಬೋಲ್ಟಿನ ಬುಡದಲ್ಲಿ ಕೈಗೆ ಜಿಡ್ಡು ಹತ್ತಿತು. ಹೊರಗೆ ಬಂದು ಬಿಸಿಲಿಗೆ ಹಿಡಿದು ನೋಡಿದರೆ ಕೆಂಪು.

"ನೆತ್ತರೇನು?" ಅಣ್ಣ ಗಾಬರಿಯಾದ.

"ಎಣ್ಣಿ. ಸುಟ್ಟಿಲ್ಲ," ಅಂದೆ. ಅವನು ನನ್ನ ಬೆರಳನ್ನು ಹಿಡಿದು ಮೂಸಿ ನೋಡಿದ. ಕಾಲು ಹೋದ ಮೇಲೆ ಅವನು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಖಣಿಯ ಮಾಲಿಕರು, ಒಯ್ದರೆ ಜಾಗ ಖಾಲಿಯಾಗುತ್ತದೆ ಎಂದು ಡಬ್ಬಿಯನ್ನು ಹಾಗೆಯೇ ಬಿಟ್ಟುಕೊಟ್ಟರು. ಅದು ಕಲ್ಲಿನ ಲಾರಿಯಲ್ಲಿ ಜಹೀರಾಬಾದಿಗೆ ಬಂತು.

ಚಾಚಾ ಮಳೆಗಾಲದ ಬಹುಪಾಲು ಅದಕ್ಕೆ ಕೊಟ್ಟರು. ಎಂಜಿನ್ನಿನ ಮತ್ತು ಡಬ್ಬಿಯ ಜೋಡಣೆಯ ತೂತುಗಳು ಕೂಡಲಿಲ್ಲ. ನಡುವೆ ದಪ್ಪ ಕಬ್ಬಿಣದ ತಗಡೊಂದನ್ನು ಲೇಥಿನಲ್ಲಿ ಕೊರೆಸಿ ಹಾಕಿದರು. ಹಿಂದಿನ ಗಾಲಿ ತಿರುಗಿಸುವ ದಂಡ ಗಿಡ್ಡ ಮಾಡಿಸಿದರು. ನಾನು ಡ್ಯೂಟಿ ಮುಗಿಸಿ ಹೋಗುವಾಗ ಅವರ ಕಾಲುಗಳು ಮಾತ್ರ ಗಾಡಿಯ ಕೆಳಗಿಂದ ಹೊರಗೆ ಕಾಣುತ್ತಿದ್ದವು.

ಕೊನೆಗೆ ಅಕ್ಷರದ ಪಟ್ಟಿ ಉಳಿಯಿತು. ಹಳೆಯದು ಇನ್ನು ಸುಳ್ಳು ಹೇಳುತ್ತದೆ, ತಾಂಡೂರಿನದು ಬಿಚ್ಚುವಾಗ ಮುರಿದಿತ್ತು. ಅಣ್ಣ ಇಂಗ್ಲಿಷ್ ಬೇಡವೆಂದ. ನಮ್ಮ ಕಾಲಕ್ಕೆ ಊರಿನ ಶಾಲೆ ಉರ್ದುವಿನಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಕನ್ನಡ ಮಾತಾಡಿದರೂ ನಾವಿಬ್ಬರೂ ಮೊದಲು ಬರೆದದ್ದು ಉರ್ದು. "ಉರ್ದುದಾಗ ಬರಸ್ರಿ ಚಾಚಾ. ಗಾಬರ‍್ಯಾಗ ಓದಾಕ ಬರಬೇಕು," ಎಂದ. ಲಾರಿಗಳ ಬೆನ್ನಿಗೆ ಹೂವು, ನವಿಲು ಬರೆಯುವ ಪೇಂಟರಿಗೆ ಚಾಚಾ ಬಾಯಲ್ಲಿ ಹೇಳಿದರು: ಮೊದಲು ಠೈರ್, ಅಂದರೆ ನಿಲ್ಲು, ಅದರ ಬಾಜೂ ಪೀಛೆ, ಹಿಂದೆ, ನಡುವೆ ಖಾಲಿ, ಆಮೇಲೆ ಚಲ್, ಮುಂದೆ ನಡೆ, ಕೊನೆಗೆ ಜೋರ್, ಏರಿಗೆ. ಒಂದೊಂದಕ್ಕೆ ಒಂದೊಂದು ಅಕ್ಷರ.

ಪೇಂಟರು ತಡ ಮಾಡಿದ. ಚಾಚಾ ಕಾಯದೆ, ಗಾಡಿಯನ್ನು ತಾವೇ ನಾರಾಯಣಖೇಡಕ್ಕೆ ಓಡಿಸಿಕೊಂಡು ಬಂದು ನಮ್ಮ ಮನೆಯ ಮುಂದೆ ಬಿಟ್ಟರು. ಅವರ ಕೈಗೆ ಗುರುತಿತ್ತು, ಪಟ್ಟಿ ಬೇಕಾಗಿರಲಿಲ್ಲ. "ಪಟ್ಟಿ ಬರೋ ತನಕ ಮುಟ್ಟಬ್ಯಾಡ," ಎಂದು ಅಣ್ಣನಿಗೆ ಹೇಳಿ ಬಸ್ಸು ಹತ್ತಿದರು. ಪಟ್ಟಿ ಮರುವಾರ ಕಂಡಕ್ಟರ್ ಕೈಯಲ್ಲಿ ಬಂತು. ಬಿಳಿ ತಗಡಿನ ಮೇಲೆ ಕೆಂಪು ಅಕ್ಷರ, ಮೂಲೆಯಲ್ಲಿ ಕೇಳದೆಯೇ ಬರೆದ ಒಂದು ಗುಲಾಬಿ. ನಾನು ಅವತ್ತು ಊರಿನಲ್ಲೇ ಇದ್ದೆ. ನಾವಿಬ್ಬರೂ ಓದಿದೆವು: ಠೈರ್, ಪೀಛೆ, ಖಾಲಿ, ಚಲ್, ಜೋರ್. ಚಾಚಾ ಹೇಳಿದ ಕ್ರಮವೇ ಇತ್ತು. ಅಣ್ಣ ತಾನೇ ಸ್ಕ್ರೂ ಬಿಗಿದ.

ಮರುದಿನ ಬೆಳಿಗ್ಗೆ ಪೂಜೆ. ಅವ್ವ ಗಾಡಿಗೆ ಕುಂಕುಮ ಹಚ್ಚಿದಳು, ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಅಕ್ಕಪಕ್ಕದವರು ಬಂದು ನಿಂತರು, ಸ್ವಲ್ಪ ದೂರದಲ್ಲೇ. ಅಣ್ಣ ಒಳಗೆ ಕೂತು, ಗೇರಿನ ಕಡ್ಡಿಯನ್ನು ನಡುವಿನ ಅಕ್ಷರಕ್ಕೆ ತಂದು ಎಂಜಿನ್ ಶುರುಮಾಡಿದ. ಮೆಲ್ಲಗೆ, ಸಮವಾಗಿ ನಡೆಯಿತು. ತೆಂಗಿನಕಾಯಿ ಅವನೇ ಒಡೆಯಬೇಕು. ಕಡ್ಡಿಯನ್ನು ಠೈರ್ ಅಕ್ಷರಕ್ಕೆ ಹಚ್ಚಿದ. ಹ್ಯಾಂಡ್‌ಬ್ರೇಕ್ ಎಳೆದ, ಅದು ಹಳೆಯದು, ಅರ್ಧ ಹಿಡಿಯುವಂಥದ್ದು. ಬಾಗಿಲು ತೆರೆದು ಬಲಗಾಲು ನೆಲಕ್ಕಿಟ್ಟು, ಊರುಗೋಲು ತಗೊಂಡು ಎದ್ದು ನಿಂತ. ಎರಡು ಹೆಜ್ಜೆ ಬಂದಿರಬಹುದು.

ನಿಂಬೆಹಣ್ಣು ಚಪ್ಪಟೆಯಾದ ಸಪ್ಪಳ ಕೇಳಿಸಿತು.

ಗಾಡಿಯಲ್ಲಿ ಯಾರೂ ಇರಲಿಲ್ಲ. ಅದು ಎತ್ತಿನ ಬಂಡಿಯಷ್ಟು ನಿಧಾನವಾಗಿ ಹೊರಟಿತು. ಅಣ್ಣ ಬಾಗಿಲು ಹಿಡಿಯಲು ಹೋಗಿ ಬಿದ್ದ. ನಾನು ಅವನ ಹತ್ತಿರ ಓಡಿದೆ. ಗಾಡಿ ನಮ್ಮ ಓಣಿ ದಾಟಿ, ಬಾಗಿಲು ತೆರೆದುಕೊಂಡೇ ಬಜಾರದ ಇಳಿಜಾರಿಗೆ ಮೂತಿ ಇಟ್ಟಿತು. ಅಲ್ಲಿದ್ದವರು ಬದಿಗೆ ಸರಿದರು. ಅವರಲ್ಲಿ ಇಬ್ಬರು ಮುದುಕರು, ಹಳೆಯ ರೂಢಿಯ ಮೇಲೆ, ಖಾಲಿ ಗಾಡಿಗೆ ಕೈ ಎತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಗಾಡಿ ಬೇವಿನಮರದ ಕಟ್ಟೆಗೆ ತಾಗಿ, ಹೋಗಲು ದಾರಿಯಿಲ್ಲದೆ ಅಲ್ಲೇ ಗುರುಗುಟ್ಟುತ್ತ ನಿಂತಿತು. ಹತ್ತಿರ ಹೋಗಿ ಕೀಲಿ ತಿರುಗಿಸುವ ಧೈರ್ಯ ಯಾರಿಗೂ ಬರಲಿಲ್ಲ. ನಾನು ಹೋಗಿ ತಿರುಗಿಸಿದೆ. ಕಡ್ಡಿ ಠೈರ್ ಮೇಲೇ ಇತ್ತು.

"ದೇಶಮುಖ್ರು ಇನ್ನೂ ಇಳಿದಿಲ್ಲ," ಎಂದಿತು ಊರು.

ನಾನು ಅಣ್ಣನ ಮೊಣಕೈಯ ಗಾಯ ತೊಳೆದೆ. ಹ್ಯಾಂಡ್‌ಬ್ರೇಕ್ ಹಳೆಯದು ಎಂದೆ. ಅವನು ಒಪ್ಪಲಿಲ್ಲ. "ಹ್ಯಾಂಡ್‌ಬ್ರೇಕ್ ಬಿಡು. ನಾ ಠೈರ್ ಇಟ್ಟಿದ್ದೆ. ಕಬ್ಬಿಣದ ಹಲ್ಲು ಬೀಳ್ತದ ಅಂದಿದ್ರು. ಹಲ್ಲು ಯಾರು ಎತ್ತಿದ್ರು?" ಅವ್ವ ಬಾಗಿಲಲ್ಲಿ ಕೂತು, "ಕೊಟ್ಟುಬಿಡೋಣ ಮಗಾ, ಅವರ ಗಾಡಿ ಅವರಿಗಿ," ಎಂದು ಅಂದದ್ದನ್ನೇ ಅನ್ನುತ್ತಿದ್ದಳು. ಅಣ್ಣ ಮತ್ತೆ ರಸ್ತೆಗೆ ಬೆನ್ನು ಮಾಡಿ ಕೂತ.

ನಾನು ಕೆಲಸಕ್ಕೆ ವಾಪಸಾದೆ. ವಾರ್ಡಿನಲ್ಲಿ ಚಕ್ರದ ಟ್ರಾಲಿಯೊಂದು ಇಳಿಜಾರಿಗೆ ತಾನೇ ಒಂದಿಷ್ಟು ಸರಿದರೂ ಓಡಿ ಹೋಗಿ ಹಿಡಿಯುತ್ತಿದ್ದೆ. ಟ್ರಾಲಿಗಳಿಗೆಲ್ಲ ಇಟ್ಟಿಗೆ ಇಡಿಸಿದೆ. ಆಯಾಗಳು ನನ್ನ ಬೆನ್ನ ಹಿಂದೆ ನಕ್ಕರು. ಆಮೇಲೆ ಚಾಚಾನನ್ನು ಹುಡುಕಿಕೊಂಡು ಹೋಗಿ ಎಲ್ಲ ಹೇಳಿದೆ. ಅವರು ನಗಲಿಲ್ಲ. ಅಂಗಡಿ ಮುಚ್ಚಿ ನನ್ನ ಜೊತೆ ಬಸ್ಸು ಹತ್ತಿದರು.

ಗಾಡಿ ಇನ್ನೂ ಬೇವಿನ ಕಟ್ಟೆಯ ಹತ್ತಿರವೇ ಇತ್ತು. ಯಾರೂ ಮುಟ್ಟಿರಲಿಲ್ಲ. ಯಾರೋ ಬಾನೆಟ್ಟಿನ ಮೇಲೆ ಎರಡು ಚೆಂಡುಹೂವು ಇಟ್ಟಿದ್ದರು. ಚಾಚಾ ಒಳಗೆ ಬಗ್ಗಿ ಪಟ್ಟಿ ನೋಡಿದರು. ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ತಲೆಯ ಮೇಲಿನ ಟೊಪ್ಪಿಗೆ ತೆಗೆದು ಮೊಣಕಾಲಿಗೆ ಹೊಡೆದುಕೊಂಡರು.

"ಯಾ ಅಲ್ಲಾ. ಗಾಡಿ ಇಂಗ್ಲಿಷ್ ಅದ, ಪಟ್ಟಿ ಉರ್ದು ಅದ."

"ಅಂದ್ರ?" ಎಂದ ಅಣ್ಣ.

"ನಾ ಪೇಂಟರಿಗಿ ಮೊದಲು ಠೈರ್ ಅಂದೆ. ಉರ್ದುದಾಗ ಮೊದಲು ಅಂದ್ರ ಯಾವ ಕಡಿ?"

ಅಣ್ಣ ಬಲಗೈ ಎತ್ತಿದ. ಎತ್ತಿದ್ದನ್ನು ತಾನೇ ನೋಡಿಕೊಂಡ.

ಉರ್ದು ಬಲದಿಂದ ಎಡಕ್ಕೆ ಓದುವ ಬರಹ. ಪೇಂಟರು ಬಲತುದಿಯಿಂದ ಶುರುಮಾಡಿದ್ದ. ನಾವೂ ಬಲತುದಿಯಿಂದಲೇ ಓದಿ ಸರಿಯಿದೆ ಎಂದಿದ್ದೆವು. ಡಬ್ಬಿಯೊಳಗಿನ ಕ್ರಮ ಮಾತ್ರ ಎಡದಿಂದ ಬಲಕ್ಕೆ. ಐದು ಅಕ್ಷರಗಳ ನಡುವಿನದು ಯಾವ ಕಡೆಯಿಂದ ಎಣಿಸಿದರೂ ನಡುವೆಯೇ. ಆದ್ದರಿಂದ ಎಂಜಿನ್ ಸರಿಯಾಗಿ ಶುರುವಾಗಿತ್ತು. ಠೈರ್ ಎಂದು ಅಣ್ಣ ಹಚ್ಚಿದ ಬಲತುದಿ ಮಾತ್ರ ಡಬ್ಬಿಗೆ ಜೋರ್. ಏರಿಗೆ ಎಳೆಯುವ ಗೇರಿನಲ್ಲಿಟ್ಟು ಅವನು ಇಳಿದಿದ್ದ.

"ಹಂಗಾರ ದೇಶಮುಖ್ರು?" ಎಂದಳು ಅವ್ವ.

"ದೇಶಮುಖ್ರು ಎರಡೂ ಓದಿದೋರು ಅವ್ವ. ಅವರಿಗಿ ಎಡಬಲ ಗೊತ್ತಿತ್ತು," ಎಂದರು ಚಾಚಾ.

ನೆರೆದವರು ನಕ್ಕರು. ಚಾಚಾ ಪಟ್ಟಿ ಬಿಚ್ಚಿ, ಮಗುಚಿ, ಬೆನ್ನಿನ ಮೇಲೆ ಮೊಳೆಯಿಂದ ಅಕ್ಷರಗಳನ್ನು ಎಡದಿಂದ ಗೀರಿ ಮತ್ತೆ ಹಾಕಿದರು. ಅಣ್ಣ ಒಳಗೆ ಕೂತು ಹಿಂದೆ ತಗೊಂಡ. ಗಾಡಿ ಹಿಂದೆ ಬಂತು. ಮುಂದೆ ಹಾಕಿದ, ಮುಂದೆ ಹೋಯಿತು. ಚಾಚಾನನ್ನೂ ನನ್ನನ್ನೂ ಕೂರಿಸಿಕೊಂಡು ಸಿರ್ಗಾಪುರದ ದಾರಿಯಲ್ಲಿ ಒಂದಷ್ಟು ದೂರ ಹೋಗಿ ತಿರುಗಿದ. ಗಾಡಿ ತಾನೇ ಗೇರ್ ಬದಲಿಸುವಾಗ ಒಂದು ಸಣ್ಣ ಜಗ್ಗು; ಆಗ ಅವನ ಮೊಂಡುಗಾಲು ಪಟ್ಟಿಯೊಳಗೆ ಅದರುತ್ತಿತ್ತು.

"ಒತ್ತಲಿಕತ್ತದೇನು?" ಕೇಳಿದೆ.

"ಹ್ಞೂಂ. ಕೆಲಸಿಲ್ಲ ಅಂದ್ರ ಕೇಳವಲ್ತು," ಎಂದ. ಆದರೆ ಮುಖ ಡ್ರೈವರಿನದಾಗಿತ್ತು.

ವಾಪಸು ಬಂದು ಶಾಲೆಯ ಮುಂದಿನ ಬಯಲಿನಲ್ಲಿ ನಿಲ್ಲಿಸಿದ. ಚಾಚಾ ಇಳಿದರು, ನಾನು ಇಳಿದೆ. ಅಣ್ಣ ಕಡ್ಡಿಯನ್ನು ಠೈರ್‌ಗೆ ಹಚ್ಚಿದ. ಇಳಿಯಲಿಲ್ಲ.

"ಇಳಿ," ಎಂದರು ಚಾಚಾ.

"ಕಾಲು ಬರವಲ್ತು."

ಅವನ ಬಲಗಾಲು ಬ್ರೇಕಿನ ಮೇಲೆ ಇತ್ತು. ಹಿಂದೆ ಹೋಗು ಎಂದರೆ ಹೋಗಿದ್ದ, ಮುಂದೆ ಎಂದರೆ ಹೋಗಿದ್ದ. ನಿಲ್ಲು ಎಂಬ ಒಂದನ್ನು ಮಾತ್ರ ಅವನಿಂದ ನಂಬಲಾಗಲಿಲ್ಲ.

"ಎಂಜಿನ್ ಬಂದ್ ಮಾಡಿ ಇಳಿಯೋ ಮಾರಾಯಾ."

"ಬಂದ್ ಮಾಡಿದ್ರ ಕಟ್ಟಿಗಿನೂ ನಿಂದರ್ತದ ಚಾಚಾ. ಜೀವ ಇದ್ದಾಗ ನಿಂದರಬೇಕು. ಹಾದ್ಯಾಗ ಬಸರಿ ಹೆಣ್ಣಮಗಳನ್ನ ಇಳಿಸಾಕ ಹೋದಾಗ ಇದು ಹೊಂಟ್ರ?" ಅವನು ಮುಂದಿನ ಗಾಜಿನ ಕಡೆ ನೋಡುತ್ತ ಹೇಳಿದ. "ಅವ್ರು ಎತ್ತಿಬಿಡ್ತಾರ ಅನಸ್ತದ. ಹಲ್ಲು."

ಅವತ್ತು ಅವನು ಕೀಲಿ ತಿರುಗಿಸಿ ಇಳಿದಿದ್ದರೆ ಮತ್ತೆಂದೂ ಹತ್ತುತ್ತಿರಲಿಲ್ಲ. ಹೊಲಿಗೆ ಬಿಚ್ಚುವ ದಿನ ಮುಂದೂಡಿದ ರೋಗಿಗಳನ್ನು ನಾನು ಬಹಳ ಕಂಡಿದ್ದೇನೆ. ನಾನು ಗಾಡಿಯ ಮುಂದೆ ಹೋಗಿ, ಬಂಪರಿಗೆ ಮೊಣಕಾಲು ಹತ್ತಿರ ಮಾಡಿ, ಅದಕ್ಕೆ ಎದುರಾಗಿ ನಿಂತೆ.

"ಏ, ಸರಿ! ಹುಚ್ಚಿ ಏನು ನೀ?" ಅಣ್ಣ ಕೂಗಿದ.

"ಕಾಲ ತಗಿ, ಅಣ್ಣಾ."

"ಸರೀತೀಯೋ ಇಲ್ಲೋ?"

"ಇಲ್ಲ. ತಗಿ."

ಆಮೇಲೆ ಅವನ ಮಾತು ಕೇಳಿಸಲಿಲ್ಲ. ಜಾಳಿಗೆಯಿಂದ ಬಿಸಿಗಾಳಿ ಬಂದು ಸೀರೆಯ ನೆರಿಗೆ ಅಲುಗುತ್ತಿತ್ತು. ತಲೆ ಎತ್ತಿ ನೋಡಿದೆ. ಗಾಜಿನ ಮೇಲೆ ಆಕಾಶ ಬಿದ್ದಿತ್ತು, ಒಂದು ಮೋಡ ಅದರ ಮೇಲೆ ಸರಿಯುತ್ತಿತ್ತು. ಒಳಗೆ ಒಬ್ಬರು ನೆಟ್ಟಗೆ ಕೂತ ಆಕಾರವಷ್ಟೇ ಕಂಡಿತು. ಯಾರೆಂದು ಕಾಣಲಿಲ್ಲ. ಅಷ್ಟು ಹೊತ್ತು ನನ್ನಲ್ಲಿದ್ದ ಧೈರ್ಯವೆಲ್ಲ ಆಗ ಹೋಯಿತು. ಸರಿಯಬೇಕೆನಿಸಿತು. ಸರಿಯಲಿಲ್ಲ.

ಗಾಡಿ ಹೊರಟಿತು. ಒಂದು ಬೆರಳಿನಷ್ಟು ಮುಂದೆ ಬಂತು. ಬಂಪರು ನನ್ನ ಮೊಣಕಾಲಿಗೆ ತಾಗಿತು. ಕೆಳಗೆ, ನಾನು ತಾಂಡೂರಿನಲ್ಲಿ ಕತ್ತಲಲ್ಲಿ ಮುಟ್ಟಿದ ಆ ಡಬ್ಬಿಯೊಳಗೆ, ಟಕ್ ಎಂದಿತು. ಎಂಜಿನ್ ನಡೆಯುತ್ತಿತ್ತು. ಗಾಡಿ ನಿಂತಿತ್ತು.

ಬಾಗಿಲು ತೆರೆಯಿತು. ಮೊದಲು ಊರುಗೋಲು ನೆಲ ಮುಟ್ಟಿತು. ಆಮೇಲೆ ನನ್ನ ಓದು, ನನ್ನ ಮೇಟ್ರನ್, ನನ್ನ ಬುದ್ಧಿ ಎಲ್ಲವನ್ನೂ ಹಿಡಿದು ಬಯ್ಯುತ್ತ ನನ್ನ ಅಣ್ಣ ಹೊರಗೆ ಬಂದ.